ಹೊಕ್ಕುಳ ಸುತ್ತ ಮೂರು ಬರೆ

ನನ್ನ ಪೈಲಟ್ ಲೈಸೆನ್ಸು ಈಗಲೂ ಮನೆಯ ಬೀರುವಿನಲ್ಲಿದೆ. ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ನುಸಿಗುಳಿಗೆಯ ವಾಸನೆ ಹೀರಿಕೊಂಡು ಬಿದ್ದಿದೆ. ನಮ್ಮ ಸರ್ಕಾರ ಕೊಟ್ಟ ಅಸಲಿ ಲೈಸೆನ್ಸು. ಆದರೆ ಯುರೋಪಿನವರ ಕಣ್ಣಿಗೆ ಅದು ಫಾರಿನ್ ಲೈಸೆನ್ಸು. ಹುಟ್ಟಿದಾಗಿನಿಂದ ನಾವು ಅವರನ್ನು ಫಾರಿನ್‌ನವರು ಎಂದು ಕರೆದುಕೊಂಡು ಬಂದವರು. ಫಾರಿನ್ ಅಂದರೆ ನಾವೇ ಎಂದು ತಿಳಿಯಲು ನಾನು ಮೂವತ್ತು ದಾಟಬೇಕಾಯಿತು.

ನಮ್ಮದು ದೇವನಹಳ್ಳಿ ತಾಲ್ಲೂಕಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಮನೆ. ವಿಮಾನ ನಿಲ್ದಾಣಕ್ಕೆ ಜಮೀನು ಹೋಯಿತು. ಪರಿಹಾರ ಬಂದಾಗ ಊರಿನವರು ಕಾರು ಕೊಂಡರು, ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ನಾವೂ ಬೂದಿಗೆರೆ ಕಡೆ ಒಂದು ಮನೆ ಕಟ್ಟಿದೆವು. ಉಳಿದದ್ದರಲ್ಲಿ ಅಪ್ಪ ನನ್ನನ್ನು ಹಾರಾಟದ ಶಾಲೆಗೆ ಸೇರಿಸಿದರು. "ನಮ್ ಹೊಲದ್ ಮೇಲೆ ವಿಮಾನ ಓಡಾಡ್ತವಂತೆ. ಓಡ್ಸೋರು ನಮ್ಮೋರೊಬ್ರು ಇರ್ಲಿ" ಅಂದರು. ಹಾಲಿನ ಡೈರಿಯ ಸೆಕ್ರೆಟರಿ ನನ್ನ ಮುಖದ ಮೇಲೆಯೇ ಅಂದ: "ಹುಲಿ ನೋಡಿ ನರಿ ಬರೆ ಹಾಕ್ಕೊಂಡಂಗಾಯ್ತು." ನನಗೆ ಬರೆ ಆಗಲೇ ಇತ್ತು ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ನಿಜವಾದ ಬರೆಯ ಮಾತನ್ನೇ ಹೇಳುತ್ತಿದ್ದೇನೆ. ಹೊಕ್ಕುಳ ಸುತ್ತ ಮೂರು, ಒಂದೊಂದೂ ಕಡಲೆಕಾಳಿನಷ್ಟು ದುಂಡಗೆ. ಅಮ್ಮನ ತವರು ನಂದಗುಡಿ ಕಡೆ. ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದಾಗ ಅಜ್ಜಿ ಅರಿಶಿನದ ಕೊಂಬನ್ನು ದೀಪದಲ್ಲಿ ಸುಟ್ಟು, ಕೂಸಾಗಿದ್ದ ನನ್ನ ಹೊಟ್ಟೆಗೆ ಇಟ್ಟಿದ್ದಳು. ಹಸುಗೂಸು ಹೊಟ್ಟೆ ಉಬ್ಬಿಸಿಕೊಂಡರೆ ಬರೆ, ರಾತ್ರಿಯೆಲ್ಲ ಅತ್ತರೆ ಬರೆ, ಕೈಕಾಲು ಸೆಟೆದರಂತೂ ಕೇಳುವುದೇ ಬೇಡ. ನಾನು ಚಿಕ್ಕವಳಿದ್ದಾಗ ಇದೇನಜ್ಜಿ ಎಂದು ಕೇಳಿದರೆ, "ಬಾಲಗ್ರಹಕ್ಕೆ ಹಾಕಿದ್ದು ಕಣೆ, ಮಕ್ಕಳಿಗೆ ಫಿಟ್ಸ್ ಬತ್ತದಲ್ಲ, ಅದಕ್ಕೆ" ಅನ್ನುತ್ತಿದ್ದಳು. ನಾನು ಮೈನೆರೆದ ಮೇಲೆ ಕಥೆ ಬದಲಾಯಿತು. ಸೋದರಮಾವನ ಮಗಳಿಗೆ ಗೊತ್ತಾಗಿದ್ದ ಸಂಬಂಧ, ಅವಳಿಗೆ ಮೂರ್ಛೆ ರೋಗವಿದೆ ಎಂದು ಯಾರೋ ಹಬ್ಬಿಸಿದ ಮಾತಿಗೆ ಮುರಿದುಹೋಗಿತ್ತು. ಅಂದಿನಿಂದ ಅಮ್ಮ ನನಗೆ ಹೇಳಿಕೊಟ್ಟದ್ದು ಇಷ್ಟೇ: "ಯಾರಾನ ಕೇಳಿದ್ರೆ ಹಾಲು ಚೆಲ್ತು ಅನ್ನು." ಅಜ್ಜಿ ತೀರಿಕೊಂಡಳು. ಹಾಲಿನ ಕಥೆ ಮಾತ್ರ ಉಳಿಯಿತು.

ಇಲ್ಲಿ ಪೈಲಟ್ ಆಗುವಾಗಲೂ ಡಾಕ್ಟರು ಮೈಯೆಲ್ಲ ನೋಡಿಯೇ ಸಹಿ ಹಾಕಬೇಕು. ನಮ್ಮ ಡಾಕ್ಟರು ಕೋಲಾರದ ಕಡೆಯ ವಯಸ್ಸಾದವರು. ನನ್ನ ಹೊಟ್ಟೆ ನೋಡಿದರು, ನಕ್ಕರು, ತಮ್ಮ ಶರಟನ್ನು ಒಂದಿಷ್ಟು ಎತ್ತಿದರು. "ನಂಗೂ ಐತಮ್ಮ. ನಮ್ಮವ್ವಂದೇ ಕೈಗುಣ. ಏಳು, ಮುಂದಿನ ರೂಮಿಗೆ ಹೋಗು" ಅಂದರು. ಅಷ್ಟೇ. ಆ ಮೂರು ಬರೆಗಳ ಬಗ್ಗೆ ಈ ದೇಶದಲ್ಲಿ ನನ್ನನ್ನು ಮತ್ತೆ ಯಾರೂ ಕೇಳಲಿಲ್ಲ.

ಸಣ್ಣ ಕಂಪನಿಯೊಂದರಲ್ಲಿ ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕೂತು ಕೆಲವು ವರ್ಷ ಹಾರಿದೆ. ಹುಬ್ಬಳ್ಳಿ, ಮಂಗಳೂರು, ಕೊಚ್ಚಿ. ಬೆಳಗಿನ ಮೊದಲ ಹಾರಾಟದಲ್ಲಿ ನಂದಿಬೆಟ್ಟ ಮಂಜಿನ ಮೇಲೆ ತಲೆ ಎತ್ತಿರುವುದನ್ನು ನೋಡುವಾಗ, ಇದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಅನ್ನಿಸುತ್ತಿತ್ತು. ಒಂದು ದಿನ ಡ್ಯೂಟಿಗೆ ಹೋದರೆ ಗೇಟಿನಲ್ಲಿ ನನ್ನ ಪಾಸು ನಡೆಯಲಿಲ್ಲ. ಕಂಪನಿ ಬಾಗಿಲು ಹಾಕಿತ್ತು. ಬೇರೆ ಕಂಪನಿಗಳ ಮುಂದೆ ನಮ್ಮಂಥವರ ಸಾಲು ಹನುಮಂತನ ಬಾಲದಷ್ಟಿತ್ತು. ಆಗ ನನ್ನ ಹಳೆಯ ಕ್ಯಾಪ್ಟನ್ ಒಬ್ಬರು ಫೋನ್ ಮಾಡಿ, ಯುರೋಪಿನಲ್ಲಿ ತಮಗೆ ಗೊತ್ತಿರುವ ಕಂಪನಿಗೆ ಜನ ಬೇಕಾಗಿದ್ದಾರೆ, ಅಲ್ಲಿನ ಲೈಸೆನ್ಸು ಮಾಡಿಸಿಕೊಂಡರೆ ವೀಸಾ ಅವರೇ ನೋಡಿಕೊಳ್ಳುತ್ತಾರೆ ಎಂದರು.

ಲೈಸೆನ್ಸು ಬದಲಾಯಿಸುವುದು ಅಂದರೆ ಬ್ಯಾಂಕಿಗೆ ಹಳೇ ನೋಟು ಕೊಟ್ಟು ಹೊಸ ನೋಟು ತಂದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಹಾರಿದ ಗಂಟೆಗಳನ್ನು ಅವರು ಒಪ್ಪುತ್ತಾರೆ, ಓದಿದ್ದನ್ನು ಒಪ್ಪುವುದಿಲ್ಲ. ಹವಾಮಾನದಿಂದ ಕಾನೂನಿನ ತನಕ ಹದಿನಾಲ್ಕು ವಿಷಯಗಳ ಪರೀಕ್ಷೆಯನ್ನು ಮೊದಲಿನಿಂದ ಬರೆಯಬೇಕು. ಆಮೇಲೆ ಅವರ ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ತೋರಿಸಬೇಕು. ಇದೆಲ್ಲಕ್ಕೂ ಮೊದಲು ಅವರ ಡಾಕ್ಟರಿಗೆ ಮೈ ಒಪ್ಪಿಸಬೇಕು. "ಮೊದಲು ದೇಹ, ಆಮೇಲೆ ಪುಸ್ತಕ" ಎಂದು ಅಲ್ಲಿನ ಶಾಲೆಯವರು ಬರೆದಿದ್ದರು. ನಾನು ಎರಡನ್ನೂ ಒಟ್ಟಿಗೆ ಶುರು ಮಾಡಿದೆ. ಬೂದಿಗೆರೆಯ ಬಿಸಿಲಿಗೆ ಕಾದ ಮಾಳಿಗೆಯ ರೂಮಿನಲ್ಲಿ ಬೆವರು ಒರೆಸಿಕೊಳ್ಳುತ್ತ, ರನ್‌ವೇ ಮೇಲೆ ಹಿಮ ಬಿದ್ದಿದ್ದರೆ ಬ್ರೇಕು ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಮಾಡಿದೆ. ನಮ್ಮ ಮನೆ ಇರುವುದು ವಿಮಾನಗಳು ಇಳಿಯುವ ದಾರಿಯ ಕೆಳಗೆ. ಪ್ರತಿಯೊಂದು ವಿಮಾನವೂ ನನ್ನ ಪುಸ್ತಕದ ಮೇಲೆ ನೆರಳು ಹಾಯಿಸಿಕೊಂಡು ಇಳಿಯುತ್ತಿತ್ತು.

ಆ ದೇಶ ಯಾವುದೆಂದು ಹೇಳುವುದಿಲ್ಲ. ಹೇಳಿ ಆಗಬೇಕಾದ್ದೂ ಏನಿಲ್ಲ. ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ಕಣ್ಣು, ಕಿವಿ, ರಕ್ತ, ಎದೆ, ಉಸಿರು ಎಲ್ಲದರಲ್ಲೂ ಪಾಸಾದೆ. ಕೊನೆಗೆ ಮಲಗಿಸಿ ಹೊಟ್ಟೆ ಒತ್ತಿ ನೋಡುವಾಗ ಅವರ ಕೈ ನಿಂತಿತು. ಇದೇನು ಎಂದು ಕೇಳಿದರು.

ನನ್ನ ಬಾಯಲ್ಲಿ ಎರಡು ಉತ್ತರಗಳಿದ್ದವು, ಅಜ್ಜಿಯದು ಒಂದು, ಅಮ್ಮನದು ಒಂದು. ವಿಮಾನ ಕಲಿಸುವವರು ಮೊದಲ ದಿನವೇ ಹೇಳುವ ಪಾಠ, ಏನಾದರೂ ಸರಿಯಿಲ್ಲ ಅನ್ನಿಸಿದರೆ ಬಾಯಿಬಿಟ್ಟು ಹೇಳು ಎಂಬುದು. ಹೇಳಿದೆ. ಕೂಸಾಗಿದ್ದಾಗ ಅಜ್ಜಿ ಹಾಕಿದ ಬರೆ, ಫಿಟ್ಸ್‌ಗೆ ಹಾಕಿದ್ದು ಎಂದು ಅಜ್ಜಿ ಅನ್ನುತ್ತಿದ್ದಳು, ಫಿಟ್ಸ್ ನಿಜವಾಗಿ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಅಂದೆ. ಡಾಕ್ಟರ ಮುಖದಲ್ಲಿ ಬಂದು ಹೋದದ್ದನ್ನು ನಾನು ಮರೆತಿಲ್ಲ. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ನನ್ನ ಒಪ್ಪಿಗೆ ಕೇಳಿ ಫೋಟೊ ತೆಗೆದುಕೊಂಡರು. ಮಗುವನ್ನು ಸುಟ್ಟರೇ, ಮನೆಯವರೇ ಸುಟ್ಟರೇ ಎಂದು ಎರಡೆರಡು ಸಲ ಕೇಳಿದರು. ನಮ್ಮಜ್ಜಿ ಇಡೀ ಊರಿನ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ಎಂದು ಹೇಳಬೇಕೆನ್ನಿಸಿತು. ಆ ಕೋಣೆಯಲ್ಲಿ ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುತ್ತಿರಲಿಲ್ಲ.

ತಲೆಗೆಲ್ಲ ವೈರು ಅಂಟಿಸಿ ಮಿದುಳಿನ ಪರೀಕ್ಷೆ ಮಾಡಿದರು. ಏನೂ ಕಾಣಲಿಲ್ಲ. ಆಮೇಲೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ನಿಮಗೆ ಫಿಟ್ಸ್ ಬಂದೇ ಇಲ್ಲದಿದ್ದರೆ ಸರಿ. ಎಳೆಗೂಸಿನಲ್ಲಿ ಜ್ವರಕ್ಕೆ ಒಮ್ಮೆ ಬಂದು ಹೋಗಿದ್ದರೂ ತೊಂದರೆಯಿಲ್ಲ. ಆದರೆ ಏನಾಗಿತ್ತು ಎಂದು ಕಣ್ಣಾರೆ ಕಂಡವರು ಹೇಳಬೇಕು. ಅಜ್ಜಿ ಇಲ್ಲ, ಆದ್ದರಿಂದ ನಿಮ್ಮ ತಾಯಿ ಹೇಳಲಿ. ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡೋಣ, ಭಾಷಾಂತರಕ್ಕೆ ಜನ ನಾವೇ ಹುಡುಕುತ್ತೇವೆ. ತಾಯಿ ಮಾತಾಡುವಾಗ ನೀವು ಆ ಕೋಣೆಯಲ್ಲಿ ಇರಬಾರದು. ಏನು ಕೇಳುತ್ತೇವೆಂದು ಮೊದಲೇ ಅವರಿಗೆ ಹೇಳಿಕೊಡಲೂಬಾರದು. ಅವರ ಮಾತು ಸರಿಹೋದರೆ ನಾನು ಸಹಿ ಹಾಕುತ್ತೇನೆ.

ನನ್ನ ಇಷ್ಟು ವರ್ಷದ ಹಾರಾಟ, ಅಪ್ಪನ ದ್ರಾಕ್ಷಿ ತೋಟ, ಮುಂದೆ ಸಿಗಬಹುದಾಗಿದ್ದ ಕೆಲಸ ಎಲ್ಲ ಬಂದು ಅಮ್ಮನ ನಾಲಿಗೆಯ ಮೇಲೆ ನಿಂತವು. ಊರಿಗೆ ಬಂದೆ.

"ಅಲ್ಲಿನ ಡಾಕ್ಟ್ರು ನನ್ ಚಿಕ್ಕಂದಿನ ವಿಷ್ಯ ಕೇಳ್ತಾರಂತೆ ಅಮ್ಮ. ಕೇಳಿದ್ದಕ್ಕೆ ಹೇಳು" ಅಂದೆ.

"ಏನ್ ಕೇಳ್ತಾರೆ?"

"ಅದನ್ನ ನಾನು ಹೇಳ್ಬಾರ್ದು."

"ಅದ್ಯಾಕೆ?"

"ರೂಲ್ಸಮ್ಮ."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಯ್ತು ಬುಡು. ನಂಗೆ ಬುಟ್ಬುಡು" ಅಂದಳು. ಆ ದನಿ ನನಗೆ ಗೊತ್ತಿತ್ತು. ಗಂಡಿನ ಕಡೆಯವರು ಬರುವ ಹಿಂದಿನ ದಿನದ ದನಿ ಅದು. ಆಗಲೇ ರೂಲ್ಸನ್ನು ಒಲೆಗೆ ಹಾಕಿ, ಹಾಲಿನ ಕಥೆ ಬೇಡ ಕಣಮ್ಮ, ಕಂಡದ್ದು ಕಂಡ ಹಾಗೆ ಹೇಳು ಎಂದು ಕೈ ಮುಗಿಯಬೇಕಿತ್ತು. ಚೆಕ್‌ಲಿಸ್ಟ್ ಓದದೆ ಒಂದು ಸ್ವಿಚ್ಚನ್ನೂ ಮುಟ್ಟದ ಹಾಗೆ ಪಳಗಿಸಿದ ಕೈ ನನ್ನದು. ಮಾಡಬಾರದು ಅಂದರೆ ಮಾಡಲಿಲ್ಲ.

ಆ ದಿನ ಅಮ್ಮ ತಲೆಗೆ ನೀರು ಹಾಕಿಕೊಂಡು, ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದಳು. ಅಡುಗೆಮನೆಯಿಂದ ಕೇಸರಿಬಾತಿನ ವಾಸನೆ ಬಂತು. ಯಾರಿಗಮ್ಮ ಎಂದು ಕೇಳಿದರೆ "ಇರ್ಲಿ, ಒಳ್ಳೇ ದಿನ" ಅಂದಳು. ಲ್ಯಾಪ್‌ಟಾಪನ್ನು ನಡುಮನೆಯ ಟೇಬಲ್ಲಿನ ಮೇಲೆ ಇಟ್ಟುಕೊಟ್ಟು, ನಾನು ಹೊರಗೆ ಜಗಲಿಯ ಮೇಲೆ ಅಪ್ಪನ ಪಕ್ಕ ಕೂತೆ. ಅಪ್ಪ ಹಿತ್ತಲ ಮರದ ಚಕ್ಕೋತ ಸುಲಿಯುತ್ತಿದ್ದರು. ಕಿಟಕಿ ತೆರೆದಿತ್ತು, ಒಳಗಿನ ಮಾತು ಕೇಳಿಸುತ್ತಿತ್ತು.

ಭಾಷಾಂತರದವರು ಮೈಸೂರು ಕಡೆಯ ಕನ್ನಡದ ಗಂಡಸು. ಕನ್ನಡದ ದನಿ ಕೇಳಿದ್ದೇ ತಡ ಅಮ್ಮ ಅರಳಿಬಿಟ್ಟಳು. "ಯಾವೂರಪ್ಪಾ ನಿಮ್ದು? ಯಾವ ಪೈಕಿ?" ಎಂದು ಶುರು ಮಾಡಿದಳು. ಅವರು ಮೆತ್ತಗೆ, "ಅಮ್ಮಾ, ಡಾಕ್ಟರ್ ಕೇಳೋದಕ್ಕೆ ಮಾತ್ರ ಹೇಳಿ. ನಿಮ್ಮ ಮಗಳಿಗೆ ಚಿಕ್ಕಂದಿನಲ್ಲಿ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ?" ಎಂದು ಕೇಳಿದರು.

"ಅಯ್ಯೋ, ಬಿಡ್ತು ಅನ್ನಿ ಸ್ವಾಮಿ! ನಮ್ ಮಗೀಗೆ ಒಂದಿನಕ್ಕೂ ಜ್ವರ ಕೂಡ ಬಂದಿಲ್ಲ. ಆಸ್ಪತ್ರೆ ಮೆಟ್ಲು ಹತ್ತಿಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಐದನೇ ಕ್ಲಾಸಿನಲ್ಲಿದ್ದಾಗ ಟೈಫಾಯಿಡ್ ಆಗಿ ದೇವನಹಳ್ಳಿ ಆಸ್ಪತ್ರೆಯಲ್ಲಿ ಮಲಗಿದ್ದನ್ನು ಆ ಡಾಕ್ಟರಿಗೆ ನಾನೇ ಹೇಳಿ ಬಂದಿದ್ದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅಮ್ಮ ಮೊದಲನೆಯದನ್ನು ಹೇಳಿ ಮುಗಿಸಿದ್ದಳು.

ಹೊಟ್ಟೆಯ ಮೇಲಿನ ಗುರುತು ಏನು ಎಂಬ ಪ್ರಶ್ನೆ ಬಂತು.

"ಹಾಲು ಚೆಲ್ತು ಸ್ವಾಮಿ" ಅಂದಳು ಅಮ್ಮ.

ಅಷ್ಟರಲ್ಲಿ ಮನೆಯ ಮೇಲೆ ವಿಮಾನ ಬಂತು. ದೊಡ್ಡದು, ಗಾಲಿ ಇಳಿಸಿಕೊಂಡು ಬಂದು, ಕಿಟಕಿಯ ಗಾಜು ಗಡಗಡ ಅಂದಿತು. ಅದು ದಾಟಿದ ಮೇಲೆ ಭಾಷಾಂತರದವರು, "ಶಬ್ದದಲ್ಲಿ ಕೇಳಿಸಲಿಲ್ಲಮ್ಮ, ಇನ್ನೊಂದು ಸಲ ಹೇಳ್ತೀರಾ?" ಅಂದರು. ನನಗೆ ಜೀವ ಬಂತು. ದೇವರೇ ವಿಮಾನ ಕಳಿಸಿದ್ದಾನೆ, ಈ ಸಲ ನಿಜ ಹೇಳಿಸಪ್ಪಾ ಎಂದು ಜಗಲಿಯ ಮೇಲೆ ಕೂತು ಬೇಡಿಕೊಂಡೆ. ಕಿವುಡರಿಗೆ ಹೇಳುವ ಹಾಗೆ ಅಮ್ಮ ದನಿ ಎತ್ತಿದಳು.

"ಹಾಲು! ಬಿಸಿ ಹಾಲು!"

ಮೂರೂ ಗುರುತು ಒಂದೇ ಅಳತೆಗೆ ದುಂಡಗಿವೆಯಲ್ಲ, ಚೆಲ್ಲಿದ ಹಾಲು ಹಾಗೆ ಸುಡುತ್ತದೆಯೇ ಎಂದು ಡಾಕ್ಟರು ಕೇಳಿಸಿದರು. "ಮೂರು ಸಲ ಚೆಲ್ತು" ಅಂದಳು. ನಿಮ್ಮ ತಾಯಿ ಮಗುವಿಗೆ ಬರೆ ಹಾಕಿದ್ದರಂತೆ ಎಂದರೆ, "ನಮ್ಮಮ್ಮ ಅಂಥೋರಲ್ಲ" ಅಂದಳು. ನಾನು ಎದ್ದು ಬಾಗಿಲಿಗೆ ನುಗ್ಗಿದೆ. ಅಪ್ಪ ಕೈ ಹಿಡಿದೆಳೆದರು. "ಕೂತ್ಕೊ. ಒಳಕ್ ಬರ್ಬೇಡ ಅಂದವ್ರೆ ಅಂದ್ಯಲ್ಲ." ಅವರ ಕೈಗೆ ಚಕ್ಕೋತದ ರಸ ಅಂಟಿತ್ತು. ಕೂತೆ.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಯುದ್ಧ ಗೆದ್ದವಳ ಮುಖ. "ಒಂದು ಕೆಮ್ಮೂ ಬಂದಿಲ್ಲ ಅಂತ ಹೇಳಿದ್ದೀನಿ ಕಣೆ. ಇನ್ನೇನ್ ಬೇಕು ಅವ್ರಿಗೆ?" ಎಂದು ಕೇಸರಿಬಾತಿನ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ನಾನು ಮುಟ್ಟಲಿಲ್ಲ. ಅಪ್ಪ ತಿಂದರು.

ಕೆಲವು ವಾರಗಳಲ್ಲಿ ಉತ್ತರ ಬಂತು. ಅರ್ಜಿದಾರಳ ಮಾತಿಗೂ ತಾಯಿಯ ಮಾತಿಗೂ ತಾಳೆಯಿಲ್ಲ, ತಾಯಿಯ ಮಾತಿಗೂ ಕಣ್ಣಿಗೆ ಕಾಣುವ ಗುರುತಿಗೂ ತಾಳೆಯಿಲ್ಲ. ಏನನ್ನೋ ಮುಚ್ಚಿಡುತ್ತಿರುವ ಹಾಗೆ ಕಾಣುತ್ತದೆ. ಫಿಟ್ಸ್ ಇರಲಿಲ್ಲ ಎಂದು ನಂಬಲು ಆಧಾರವಿಲ್ಲದ್ದರಿಂದ ಅನರ್ಹ. ಮೇಲ್ಮನವಿ ಹಾಕುವುದಾದರೆ ಶಿಶುವಾಗಿದ್ದಾಗಿನ ಆಸ್ಪತ್ರೆ ದಾಖಲೆ ತರಬೇಕು. ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು ನಾನು. ಇಲ್ಲದ ಕಾಯಿಲೆಗೆ ಇಲ್ಲದ ಆಸ್ಪತ್ರೆಯಿಂದ ಯಾವ ದಾಖಲೆ ತರಲಿ?

ಅವತ್ತು ನಾನು ಕೂಗಾಡಿದ ರಭಸಕ್ಕೆ ಪಕ್ಕದ ಮನೆಯ ಬಾಡಿಗೆಯವರು ಬಾಲ್ಕನಿಗೆ ಬಂದು ನಿಂತರು. "ನನ್ ಬದುಕು ತಿಂದ್ಬಿಟ್ಟೆ ಕಣಮ್ಮ ನೀನು" ಅಂದೆ. ಹೆತ್ತವಳಿಗೆ ಆ ಮಾತು ಅನ್ನಬಾರದು ಎಂದು ಗೊತ್ತಿತ್ತು, ಗೊತ್ತಿದ್ದೇ ಅಂದೆ.

"ನಾನೇನ್ ಮಾಡ್ದೆ? ಫಿಟ್ಸ್ ಐತೆ ಅನ್ಬೇಕಾಗಿತ್ತಾ?"

"ಇತ್ತಾ?"

"ಇರ್ಲಿಲ್ಲ."

"ಮತ್ಯಾಕೆ ಹಾಕಿದ್ಳು ಅಜ್ಜಿ ಬರೇನ?"

ಅಮ್ಮ ಗೋಡೆಗೆ ಒರಗಿ ಕೆಳಗೆ ಕೂತಳು. ನನಗಿಂತ ಮೊದಲು ಒಂದು ಗಂಡು ಮಗು ಹುಟ್ಟಿ ಹೋಗಿತ್ತು ಎಂದು ನನಗೆ ಗೊತ್ತಿತ್ತು. ಹೇಗೆ ಹೋಯಿತೆಂದು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಮ್ಮ ಅವತ್ತು ಹೇಳಿದಳು. ನಂದಗುಡಿಯ ಮನೆಯಲ್ಲಿ ಮಗು ಸೆಟೆದುಕೊಂಡಿತು, ಕಣ್ಣು ಮೇಲಕ್ಕೆ ಹೋಯಿತು, ಹೊಸಕೋಟೆ ಆಸ್ಪತ್ರೆಗೆ ಹೋಗಲು ಬಸ್ಸಿಗೆ ಕಾಯುತ್ತ ನಿಂತಿರುವಾಗಲೇ ಅವಳ ಮಡಿಲಲ್ಲಿ ತಣ್ಣಗಾಯಿತು. ನಾನು ಹುಟ್ಟಿದಾಗ ಅಜ್ಜಿ ಯಾವುದಕ್ಕೂ ಕಾಯಲಿಲ್ಲ.

"ನಿಂಗೆ ಬರ್ಲೇ ಇಲ್ಲ ಕಣೆ. ಬರ್ಬಾರ್ದು ಅಂತ ಹಾಕಿದ್ದು. ನಾನೇ ನಿನ್ ಕೈಕಾಲು ಹಿಡ್ಕೊಂಡಿದ್ದೆ."

"ಇದನ್ನೇ ಹೇಳೋದಲ್ವಾ ಅಮ್ಮ ಆ ಡಾಕ್ಟ್ರಿಗೆ?"

"ಎಂಗೇಳ್ಲಿ? ಅವನ್ ವಿಷ್ಯ ಎತ್ಬೇಕಿತ್ತಲ್ಲ. ಅಣ್ಣಂಗೆ ಫಿಟ್ಸಿತ್ತು ಅಂದ್ರೆ ನಾಳೆ ನಿನ್ನ ಯಾರ್ ಕೇಳ್ತಾರೆ?"

ಮೂವತ್ತು ದಾಟಿದ ನನ್ನನ್ನು ನಾಳೆ ಯಾರಾದರೂ ಕೇಳಲು ಬರುತ್ತಾರೆಂದು ಅಮ್ಮ ಇನ್ನೂ ಕಾಯುತ್ತಿದ್ದಳು. ಬಂದರೆ ಅವರ ಮುಂದೆ ಇಡಲು ಒಂದು ಕಲೆಯಿಲ್ಲದ ಹುಡುಗಿಯನ್ನು ಜೋಪಾನ ಮಾಡಿದ್ದಳು. ಆ ಹುಡುಗಿಗೋಸ್ಕರ ನನ್ನನ್ನು ಕಳೆದುಕೊಂಡಳು.

ಡಾಕ್ಟರಿಗೆ ಎಲ್ಲವನ್ನೂ ಬರೆದೆ. ಸತ್ತ ಅಣ್ಣನನ್ನೂ ಅಮ್ಮನ ಭಯವನ್ನೂ ಸೇರಿಸಿ ಬರೆದೆ. ಮರ್ಯಾದೆಯ ಉತ್ತರವೇ ಬಂತು. ನಿಮ್ಮ ಬಗ್ಗೆ ಸಹಾನುಭೂತಿ ಇದೆ, ಆದರೆ ಫಲಿತಾಂಶ ತಿಳಿದ ಮೇಲೆ ಬದಲಾದ ಮಾತನ್ನು ಪರಿಗಣಿಸಲು ಬರುವುದಿಲ್ಲ ಎಂದಿತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆನೇನೋ. ಹಾಗೆಂದು ಅವರ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ. ಮಗುವನ್ನು ಸುಟ್ಟದ್ದಕ್ಕೆ ಬೆಚ್ಚಿದವರು, ಯಾಕೆ ಸುಟ್ಟರು ಎಂದು ಕೇಳಿಸಿಕೊಳ್ಳುವ ಹೊತ್ತಿಗೆ ಕಡತ ಮುಚ್ಚಿದ್ದರು.

ಇಲ್ಲಿನ ಕಂಪನಿಗಳ ಮುಂದಿನ ಪೈಲಟ್‌ಗಳ ಸಾಲು ಕರಗಲೇ ಇಲ್ಲ. ಈಗ ನನಗೆ ಇದೇ ವಿಮಾನ ನಿಲ್ದಾಣದಲ್ಲಿ ಕೆಲಸ. ಹಾರುವವರಿಗೆ ದಾರಿ, ಗಾಳಿ, ಇಂಧನದ ಲೆಕ್ಕ ಹಾಕಿ ಕೈಗೆ ಕೊಡುವುದು. ಅವರು ಥ್ಯಾಂಕ್ಸ್ ಹೇಳಿ ವಿಮಾನದ ಕಡೆಗೆ ನಡೆಯುತ್ತಾರೆ, ನಾನು ಕುರ್ಚಿಗೆ ವಾಪಸ್ ಬರುತ್ತೇನೆ. ನಮ್ಮ ದ್ರಾಕ್ಷಿ ಚಪ್ಪರ ಇದ್ದದ್ದು ಸರಕು ಲಾರಿಗಳು ನಿಲ್ಲುವ ಕಡೆ ಎಂದು ಅಪ್ಪ ಹೇಳುತ್ತಾರೆ. ನಾನು ಆ ಕಡೆ ಹೋಗಿ ನೋಡಿಲ್ಲ.

ಆ ವರ್ಷ ಅವರೆಕಾಯಿ ಕಾಲದಲ್ಲಿ ಅಮ್ಮ ಒಂದು ದಿನ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಿದ್ದಳು. ನಾನೂ ಕೂತೆ. ನನ್ನ ಮುಖ ನೋಡದೆ ಕೇಳಿದಳು: "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಾನು ಇದ್ದಂಗೇ ಹೇಳಿದ್ರೆ ಅವ್ರು ಕೊಡ್ತಿದ್ರಾ?"

ಸಹಿ ಹಾಕುತ್ತೇನೆ ಎಂದು ಆ ಡಾಕ್ಟರು ನನ್ನ ಕಣ್ಣು ನೋಡಿ ಹೇಳಿದ್ದರು.

"ಇಲ್ಲ ಬಿಡಮ್ಮ" ಅಂದೆ. "ಏನ್ ಹೇಳಿದ್ರೂ ಕೊಡ್ತಿರ್ಲಿಲ್ಲ."

ಕರುಣೆಯಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಕೊಡುತ್ತಿದ್ದರು ಅಂದಿದ್ದರೆ ಅಮ್ಮ ಅಳುತ್ತಿದ್ದಳು, ನಾನು ಸಮಾಧಾನ ಮಾಡಬೇಕಾಗುತ್ತಿತ್ತು. ನನ್ನ ಸಾವಿನ ಮನೆಯಲ್ಲಿ ಇನ್ನೊಬ್ಬರ ಕಣ್ಣೊರೆಸುವ ಶಕ್ತಿ ನನಗಿರಲಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟು, "ನಂಗೊತ್ತಿತ್ತು" ಅಂದಳು. ಅವತ್ತಿನಿಂದ ಅವಳಿಗೆ ಸರಿಯಾಗಿ ನಿದ್ದೆ ಬರುತ್ತದೆ.

ಈಗ ನೆಂಟರು ಬಂದು, ಮಗಳು ಫಾರಿನ್‌ಗೆ ಹೋಗ್ತಾಳೆ ಅಂದಿದ್ರಲ್ಲ, ಏನಾಯ್ತು ಎಂದು ಕೇಳಿದಾಗಲೆಲ್ಲ ಅಮ್ಮ ಅದನ್ನೇ ಹೇಳುತ್ತಾಳೆ. "ನಾವ್ ಏನ್ ಹೇಳಿದ್ರೂ ಕೊಡ್ತಿರ್ಲಿಲ್ವಂತೆ ಕಣಮ್ಮ. ಅವ್ರಿಗೆ ನಮ್ಮೋರು ಅಂದ್ರೆ ಆಗಾಕಿಲ್ಲ. ಇವ್ಳೇ ಹೇಳವ್ಳೆ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಕಾಫಿಗೆ ಹಾಲು ಕಾಯಿಸುತ್ತಿರುವ ನನ್ನನ್ನು ಸಾಕ್ಷಿಗೆ ಕರೆಯುತ್ತಾಳೆ. "ಅಲ್ವೇನೆ?"

ಹೂಂ ಅನ್ನುತ್ತೇನೆ.